ಸಂಗ್ಯಾ ಬಾಳ್ಯಾ: ನಮ್ಮ ನೆಲದ ಹಾಡಿನ ನಾಟಕ



ಸವದತ್ತಿ ತಾಲೂಕಿನ ಮುನವಳ್ಳಿಯ ಹತ್ತಿರ ಮಲಪ್ರಭಾ ನದಿ ಗುಡ್ಡವನ್ನು ಸೀಳಿಕೊಂಡು ಹರಿಯುವ ಇಕ್ಕಟ್ಟಾದ ಜಾಗವೊಂದಿದೆ. ಅದೇ ನವಿಲುತೀರ್ಥ. ಅಲ್ಲಿಯ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿರಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಈ ಸೀಮೆ ಕಿತ್ತೂರು ಚೆನ್ನಮ್ಮನ, ಸಂಗೊಳ್ಳಿ ರಾಯಣ್ಣನ ಸೀಮೆ. ಯಲ್ಲಮ್ಮನ ಗುಡ್ಡ ಇರುವುದೂ ಇಲ್ಲಿಯೇ. ಇವೆಲ್ಲ ನಿಮ್ಮ ಪಾಠಪುಸ್ತಕದಲ್ಲಿ ಬರುತ್ತವೆ.

ಆದರೆ ಇದೇ ಸೀಮೆ ಕನ್ನಡಕ್ಕೆ ಕೊಟ್ಟ ಇನ್ನೊಂದು ಕೊಡುಗೆ ಪಾಠಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟ. ಇದರ ಹೆಸರು ಕೇಳಿದರೆ ಉತ್ತರ ಕರ್ನಾಟಕದ ಹಳ್ಳಿಗಳ ಹಿರಿಯರ ಮುಖ ಇಂದಿಗೂ ಅರಳುತ್ತದೆ. ಆದರೆ “ಕನ್ನಡದ ದೊಡ್ಡ ಸಂಗೀತ ನಾಟಕ ಯಾವುದು?” ಎಂದು ಅವರನ್ನೇ ಕೇಳಿದರೆ ಈ ಹೆಸರನ್ನು ಹೇಳಲು ಹಿಂಜರಿಯುತ್ತಾರೆ. ಇಷ್ಟು ಪ್ರೀತಿಯ ಆಟಕ್ಕೆ ತಕ್ಕ ಮನ್ನಣೆ ಏಕೆ ಸಿಗಲಿಲ್ಲ? ಇಂದು ಅದನ್ನು ನೋಡೋಣ.

ಒಂದು ರಾತ್ರಿಯ ನೆನಪು

ನಾನು ಈ ಆಟವನ್ನು ಮೊದಲು ನೋಡಿದ್ದು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ನವಿಲುತೀರ್ಥದ ಅಣೆಕಟ್ಟಿನ ಕೆಲಸ ಆಗಿನ್ನೂ ನಡೆದಿತ್ತು. ನಮ್ಮೂರಿಗೆ ಕರೆಂಟು ಬಂದಿರಲಿಲ್ಲ. ಸುಗ್ಗಿ ಮುಗಿದು ಜೋಳದ ಕಣಗಳು ಬರಿದಾಗಿದ್ದವು. ಗುಡಿಯ ಮುಂದಿನ ಬಯಲಲ್ಲಿ ಹಲಗೆ ಜೋಡಿಸಿ ಅಟ್ಟ ಕಟ್ಟಿ, ಎರಡು ಗ್ಯಾಸಬತ್ತಿ ತೂಗುಹಾಕಿದ್ದರು. ಕೌದಿ, ಕಂಬಳಿ, ಚಾಪೆ ಹಾಸಿಕೊಂಡು ಊರಿಗೆ ಊರೇ ಕುಳಿತಿತ್ತು. ನಾನು ನಮ್ಮ ಆಯಿಯ ಸೆರಗಿನೊಳಗೆ ಮುದುಡಿಕೊಂಡಿದ್ದೆ.

ನಡುರಾತ್ರಿಯಲ್ಲಿ ನಿದ್ದೆ ಬಂದು ನಾನು ತೂಕಡಿಸಿದಾಗ ಆಯಿ ನನ್ನ ಭುಜ ಅಲುಗಾಡಿಸಿ, “ಏಳೋ ತಮ್ಮಾ, ಈಗ ನೋಡು, ಬಾಳ್ಯಾ ಬರ್ತಾನ” ಎಂದಳು. ನಾನು ಕಣ್ಣು ತೆರೆದೆ. ಗೆಳೆಯನನ್ನು ನಂಬಿ ಸಂಗ್ಯಾ ಹೊರಡುತ್ತಿದ್ದ. ಅವನು ಸಾಯಲು ಹೊರಟಿದ್ದಾನೆ ಎಂಬುದು ಕುಳಿತ ಎಲ್ಲರಿಗೂ ಗೊತ್ತಿತ್ತು. ಎಷ್ಟೋ ಸಲ ನೋಡಿದ ಆಟ ಅದು. ಆದರೂ ನಮ್ಮ ಹಿಂದೆ ಕುಳಿತಿದ್ದ ಹೆಣ್ಣುಮಗಳೊಬ್ಬಳು, “ಹೋಗಬ್ಯಾಡೋ ಯಪ್ಪಾ!” ಎಂದು ಗಟ್ಟಿಯಾಗಿ ಕೂಗಿದಳು. ಯಾರೂ ನಗಲಿಲ್ಲ.

ಮರುದಿನ ಶಾಲೆಯಲ್ಲಿ ಅರ್ಧ ವರ್ಗ ತೂಕಡಿಸುತ್ತಿತ್ತು. ಗುರುಗಳು ಸಿಟ್ಟಿನಿಂದ, “ಆ ಹೊಲಸು ಆಟ ನೋಡಾಕ ಯಾರ್ಯಾರು ಹೋಗಿದ್ದಿರಿ? ಕೈ ಎತ್ತರಿ” ಎಂದರು. ನಾನು ಕೈ ಎತ್ತಲಿಲ್ಲ. ನನ್ನ ಪಕ್ಕದ ಹುಡುಗ ಎತ್ತಿದ, ಪೆಟ್ಟು ತಿಂದ. ರಾತ್ರಿಯೆಲ್ಲ ಕಣ್ಣು ತುಂಬಿ ನೋಡಿದ್ದನ್ನು ಬೆಳಗಾಗುತ್ತಲೇ ನೋಡಿಲ್ಲವೆಂದು ಸುಳ್ಳು ಹೇಳಿದೆನಲ್ಲ ಎಂಬ ಸಂಕೋಚ ನನಗೆ ಬಹಳ ವರ್ಷ ಉಳಿಯಿತು. ಈ ಆಟಕ್ಕೆ ಸಿಕ್ಕ ಪ್ರೀತಿ, ಸಿಗದೆ ಹೋದ ಮನ್ನಣೆ ಎರಡೂ ಆ ಒಂದು ರಾತ್ರಿ ಮತ್ತು ಒಂದು ಬೆಳಗಿನಲ್ಲಿ ಇವೆ.

ಸಣ್ಣಾಟವೆಂದರೇನು?

ಉತ್ತರ ಕರ್ನಾಟಕದಲ್ಲಿ ಬಯಲಲ್ಲಿ ಆಡುವ ಜನಪದ ನಾಟಕಗಳಿಗೆಲ್ಲ ಬಯಲಾಟ ಎಂಬ ಹೆಸರಿದೆ. ಅದರಲ್ಲಿ ಮುಖ್ಯವಾಗಿ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಂಬ ಬಗೆಗಳಿವೆ.

ದೊಡ್ಡಾಟದಲ್ಲಿ ಪುರಾಣದ ಕಥೆ. ಕಿರೀಟ, ಭುಜಕೀರ್ತಿ ಕಟ್ಟಿದ ರಾಜರು, ರಾಕ್ಷಸರು ಬರುತ್ತಾರೆ. ಅಬ್ಬರದ ಮಾತು, ಬಿರುಸಾದ ಕುಣಿತ, ವೀರರಸ ಅಲ್ಲಿ ಪ್ರಧಾನ. ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣ, ಸತ್ಯಭಾಮೆ, ರುಕ್ಮಿಣಿಯರ ನಡುವೆ ಒಂದು ಹೂವಿನ ಕಾರಣದಿಂದ ಹುಟ್ಟುವ ಮುನಿಸಿನ ಕಥೆ. ಇದನ್ನು ಜನಪ್ರಿಯಗೊಳಿಸಿದವರಲ್ಲಿ ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಹೆಸರು ದೊಡ್ಡದು. ಮುಂದೆ ಅದೇ ಸೀಮೆಯ ಕೌಜಲಗಿ ನಿಂಗಮ್ಮ ಈ ಆಟದಿಂದಲೇ ನಾಡಿನಲ್ಲಿ ಹೆಸರಾದರು.

ಸಣ್ಣಾಟ ಇವೆರಡಕ್ಕಿಂತ ಭಿನ್ನ. ಇಲ್ಲಿ ಕಿರೀಟವಿಲ್ಲ. ಧೋತರ, ಅಂಗಿ, ಪಟಕ ಸುತ್ತಿದ ಗಂಡಸರು, ಇಳಕಲ್ ಸೀರೆ ಉಟ್ಟ ಹೆಂಗಸರು ಬರುತ್ತಾರೆ. ಅಂದರೆ ಅಟ್ಟದ ಮೇಲಿನವರೂ ಕೆಳಗೆ ಕುಳಿತವರೂ ಒಂದೇ ಬಗೆಯ ಬಟ್ಟೆ ತೊಟ್ಟವರು. ರಾಧಾನಾಟ, ಅಲ್ಲಮಪ್ರಭು ಮುಂತಾದ ಭಕ್ತಿ, ಅನುಭಾವದ ವಸ್ತುವಿನ ಸಣ್ಣಾಟಗಳೂ ಇವೆ. ಆದರೆ ಊರ ನಡುವೆ ನಡೆಯುವ ಬದುಕನ್ನೇ ಅಟ್ಟದ ಮೇಲೆ ತಂದದ್ದು ಈ ಪ್ರಕಾರದ ದೊಡ್ಡ ಸಾಧನೆ. ಆ ಸಾಧನೆಗೆ ಎಲ್ಲರೂ ಕೊಡುವ ಮೊದಲ ಉದಾಹರಣೆ ‘ಸಂಗ್ಯಾ ಬಾಳ್ಯಾ’.

ಆಟದ ಕಥೆ

ಬೈಲಹೊಂಗಲ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದು ಈ ಆಟಕ್ಕೆ ಮೂಲವೆಂದು ಪರಂಪರೆ ಹೇಳುತ್ತದೆ. ಆಟವನ್ನು ಕಟ್ಟಿದವರು ಅದೇ ಸೀಮೆಯ ಪತ್ತಾರ ಮಾಸ್ತರರು ಎಂಬುದೂ ಆ ಪರಂಪರೆಯ ಮಾತೇ.

ಸಂಗ್ಯಾ ಉಳ್ಳವರ ಮನೆಯ ಮಗ. ಬಾಳ್ಯಾ ಅವನ ಜೀವದ ಗೆಳೆಯ. ಈರ್ಯಾ ಎಂಬ ವ್ಯಾಪಾರಸ್ಥನ ಹೆಂಡತಿ ಗಂಗಾಳನ್ನು ಸಂಗ್ಯಾ ಕಂಡು ಮರುಳಾಗುತ್ತಾನೆ. ಈರ್ಯಾ ವ್ಯಾಪಾರಕ್ಕೆಂದು ಪರಊರಿಗೆ ಹೋದ ಹೊತ್ತು. ಬಾಳ್ಯಾನ ನೆರವಿನಿಂದ, ಪಾರಮ್ಮ ಎಂಬ ಮುದುಕಿಯ ಮೂಲಕ ಸಂಗ್ಯಾ ಗಂಗಾಳಿಗೆ ಹೇಳಿ ಕಳಿಸುತ್ತಾನೆ. ಮೊದಲು ಒಪ್ಪದ ಗಂಗಾ ಕೊನೆಗೆ ಅವನಿಗೆ ಒಲಿಯುತ್ತಾಳೆ. ಈರ್ಯಾ ಮರಳಿ ಬಂದಾಗ ಸಂಗತಿ ತಿಳಿಯುತ್ತದೆ. ಸೇಡು ತೀರಿಸಲು ಅವನ ಕಡೆಯವರು ಸಂಚು ಹೂಡುತ್ತಾರೆ. ಆ ಸಂಚಿಗೆ ಕೈಗೂಡಿಸುವವನು ಬೇರಾರೂ ಅಲ್ಲ, ಬಾಳ್ಯಾ! ಗೆಳೆಯನನ್ನು ನಂಬಿಸಿ ಕರೆದೊಯ್ದು ಸಾವಿನ ಬಾಯಿಗೆ ಒಪ್ಪಿಸುತ್ತಾನೆ.

ಆಟದ ಹೆಸರನ್ನು ಸ್ವಲ್ಪ ಗಮನಿಸಿರಿ. ಸಂಗಪ್ಪ, ಬಾಳಪ್ಪ, ಈರಪ್ಪ ಎಂಬ ಹೆಸರುಗಳು ನಮ್ಮ ಕಡೆ ಸಲಿಗೆಯಲ್ಲಿ ಇಲ್ಲವೆ ಸಿಟ್ಟಿನಲ್ಲಿ ಸಂಗ್ಯಾ, ಬಾಳ್ಯಾ, ಈರ್ಯಾ ಆಗುತ್ತವೆ. ಉಳ್ಳವರ ಮನೆಯ ಮಗನನ್ನು ಊರಿನ ಬಡವನೊಬ್ಬ ಎದುರಿಗೆ ನಿಂತು “ಸಂಗ್ಯಾ” ಎಂದು ಕರೆಯುವುದು ಸಾಧ್ಯವಿತ್ತೇ? ಆಟದಲ್ಲಿ ಮಾತ್ರ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಹೆಸರಿನಲ್ಲಿಯೇ ಜನ ಅವನ ಅಂತಸ್ತನ್ನು ಇಳಿಸಿ ತಮ್ಮ ನಡುವೆ ತಂದು ನಿಲ್ಲಿಸಿದ್ದಾರೆ. ತೀರ್ಪು ಕೊಡುವ ಮುಂಚೆ ಎಲ್ಲರನ್ನೂ ಒಂದೇ ನೆಲದ ಮೇಲೆ ನಿಲ್ಲಿಸಬೇಕಲ್ಲವೇ?

ಹಾಡು ಮಾಡುವ ಕೆಲಸ

ಈ ಕಥೆಯನ್ನು ನಾನು ಹೇಳಿದಷ್ಟನ್ನೇ ಕೇಳಿದರೆ ನಿಮಗೆ ಒಂದು ಪತ್ರಿಕೆಯ ಅಪರಾಧ ಸುದ್ದಿ ಓದಿದಂತೆ ಅನಿಸಬಹುದು. ಇದು ಬೆಳಗಿನವರೆಗೆ ಜನರನ್ನು ಕೂರಿಸುವ ನಾಟಕವಾಗುವುದು ಹಾಡಿನಿಂದ. ಅದು ಹೇಗೆ ಎಂಬುದನ್ನು ತಿಳಿಯುವುದು ಮುಖ್ಯ.

ಸಣ್ಣಾಟದಲ್ಲಿ ಪಾತ್ರಧಾರಿಯೇ ತನ್ನ ಪದವನ್ನು ಹಾಡುತ್ತಾನೆ. ಅವನ ಹಿಂದೆ ಹಿಮ್ಮೇಳದವರು ಇರುತ್ತಾರೆ. ಡಪ್ಪು, ತಾಳ ಇವು ಮೊದಲಿನಿಂದ ಬಂದ ವಾದ್ಯಗಳು. ಹಾರ್ಮೋನಿಯಂ, ತಬಲಾ ಆಮೇಲೆ ಸೇರಿದವು. ಪಾತ್ರಧಾರಿ ಒಂದು ನುಡಿಯನ್ನು ಹಾಡಿ ಮುಗಿಸುತ್ತಲೇ ಹಿಮ್ಮೇಳದವರು ಅದರ ಕೊನೆಯ ಸಾಲನ್ನು ಎತ್ತಿಕೊಂಡು ಏರುದನಿಯಲ್ಲಿ ಮತ್ತೆ ಹಾಡುತ್ತಾರೆ. ಡಪ್ಪಿನ ಪೆಟ್ಟು ಚುರುಕಾಗುತ್ತದೆ. ಪಾತ್ರಧಾರಿ ಆ ಪೆಟ್ಟಿಗೆ ತಕ್ಕಂತೆ ನಾಲ್ಕು ಹೆಜ್ಜೆ ಹಾಕುತ್ತಾನೆ. ಬಳಿಕ ಹಾಡಿನಲ್ಲಿ ಹೇಳಿದ್ದನ್ನೇ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಆ ಮಾತು ಬಹಳ ಮಟ್ಟಿಗೆ ಆ ಹೊತ್ತಿಗೆ ಹೊಳೆದದ್ದು. ಹೀಗೆ ಪದ, ಹಿಮ್ಮೇಳ, ಹೆಜ್ಜೆ, ಮಾತು ಎಂಬ ನಾಲ್ಕು ಹಂತಗಳು ರಾತ್ರಿಯುದ್ದಕ್ಕೂ ಸುತ್ತು ಹಾಕುತ್ತವೆ.

ಈ ವ್ಯವಸ್ಥೆಯ ಹಿಂದೆ ಅನುಭವದ ಜಾಣತನವಿದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಒಬ್ಬನ ದನಿ ಬಯಲಿನ ಕೊನೆಯವರೆಗೆ ಮುಟ್ಟುವುದು ಕಷ್ಟ. ನಾಲ್ಕು ಜನ ಏರುದನಿಯಲ್ಲಿ ಮತ್ತೊಮ್ಮೆ ಹಾಡಿದರೆ ದೂರದವರಿಗೂ ಕೇಳುತ್ತದೆ. ಅಷ್ಟರಲ್ಲಿ ಪಾತ್ರಧಾರಿಯ ಗಂಟಲಿಗೆ ವಿಶ್ರಾಂತಿ ಸಿಗುತ್ತದೆ. ಎರಡು ಸಲ ಕೇಳಿದ ಸಾಲು ಜನರ ಬಾಯಲ್ಲಿ ನಿಲ್ಲುತ್ತದೆ. ಓದು ಬಾರದ ನಮ್ಮ ಆಯಿಗೆ ಈ ಆಟದ ಪದಗಳು ಬಾಯಿಪಾಠವಾಗಿದ್ದುದು ಹೀಗೆಯೇ. ಬೀಸುವ ಕಲ್ಲಿನ ಮುಂದೆ ಕೂತಾಗ ಅವು ತಾವಾಗಿ ಹೊರಬರುತ್ತಿದ್ದವು.

ಇನ್ನೂ ಒಂದು ಮಾತಿದೆ. ಹಿಮ್ಮೇಳ ಯಾರ ಪಕ್ಷದ್ದು? ಸಂಗ್ಯಾ ತನ್ನ ಆಸೆಯನ್ನು ಹಾಡಿದಾಗ ಅದು ಅವನ ಸಾಲನ್ನು ಎತ್ತಿಕೊಳ್ಳುತ್ತದೆ. ಗಂಗಾ ಬೇಡವೆಂದು ಹಾಡಿದಾಗ ಅವಳ ಸಾಲನ್ನು ಅಷ್ಟೇ ಹುರುಪಿನಿಂದ ಎತ್ತಿಕೊಳ್ಳುತ್ತದೆ. ಈರ್ಯಾನ ಸಂಕಟವೂ ಅದೇ ದನಿಗಳಲ್ಲಿ ಮರುಕಳಿಸುತ್ತದೆ. ಅಂದರೆ ಹಿಮ್ಮೇಳ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ಊರಿನಂತೆ. ‘ಇವನು ಕೆಟ್ಟವ, ಇವಳು ಕೆಟ್ಟವಳು’ ಎಂದು ಮೊದಲೇ ನಿರ್ಧರಿಸುವುದಿಲ್ಲ. ಪ್ರತಿಯೊಬ್ಬರ ಎದೆಯ ಮಾತನ್ನೂ ಎರಡು ಸಲ ಕೇಳಿದ ಮೇಲೆ ಪ್ರೇಕ್ಷಕ ತಾನೇ ತೂಗಿ ನೋಡಬೇಕು. ಕಚೇರಿಯ ಕಾಗದದಲ್ಲಿ ಕೊಲೆಗೆ ಕಾರಣ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಆಟದಲ್ಲಿ ಅದಕ್ಕೆ ಒಂದು ಇಡೀ ರಾತ್ರಿ ಬೇಕಾಗುತ್ತದೆ.

ಗಂಗಾಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ಸೀಮೆಯ ಗೀಗೀ ಪದಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡಗಳಿವೆ. ಹರದೇಶಿಯವರು ಗಂಡಿನ ಪಕ್ಷ ಹಿಡಿದರೆ ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ಹಾಡುತ್ತಾರೆ. ಒಂದು ಪದಕ್ಕೆ ಇನ್ನೊಂದು ಪದ ಉತ್ತರ. ಸೋಲುವವರೆಗೂ ವಾದ. ಇಂಥ ಸವಾಲು ಜವಾಬಿನ ಹಾಡಿಕೆ ಕೇಳಿ ಬೆಳೆದ ಜನ ಕಟ್ಟಿದ ಆಟದಲ್ಲಿ ಹೆಣ್ಣು ಸುಮ್ಮನೆ ನಿಲ್ಲುವುದಿಲ್ಲ. ಸಂಗ್ಯಾನ ಪದಕ್ಕೆ ಗಂಗಾಳೂ ಪದದಲ್ಲಿಯೇ ಉತ್ತರ ಕೊಡುತ್ತಾಳೆ. ಅವಳು ತಪ್ಪು ಮಾಡಿದಳೋ ಇಲ್ಲವೋ ಎಂಬುದನ್ನು ನೀವು ಚರ್ಚಿಸಬಹುದು. ಆದರೆ ಅವಳ ಮಾತು ಕೇಳಲಿಲ್ಲವೆಂದು ಹೇಳಲಾಗದು.

ಒಂದೇ ನೆಲ, ಎರಡು ಸಂಗೀತ ನಾಟಕ

ಹಾಡು ಕಥೆಯನ್ನು ಮುಂದೆ ನಡೆಸುವಂಥ ನಾಟಕಕ್ಕೆ ಸಂಗೀತ ನಾಟಕ ಎನ್ನುತ್ತೇವೆ. ಆ ಮಾತು ಬಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಮರಾಠಿ ರಂಗಭೂಮಿ. ಅದರ ಮೂಲಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಎಲ್ಲಿ ಗೊತ್ತೇ? ಇದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅವರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. 1882ರಲ್ಲಿ ‘ಸಂಗೀತ ಸೌಭದ್ರ’ ಬಂದಿತು. ಆ ನಾಟಕಗಳ ಹಾಡುಗಳು ಮನೆಮನೆಗೆ ಹೋದವು. ಮುಂದೆ ಬಾಲಗಂಧರ್ವರಂಥ ಗಾಯಕ ನಟರು ಅದೇ ಕಿರ್ಲೋಸ್ಕರ ಮಂಡಳಿಯಿಂದ ಬಂದರು.

ಇತ್ತ ಕನ್ನಡದಲ್ಲಿಯೂ 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದರು. ಅಲ್ಲಿಂದ ಮುಂದೆ ಬೆಳೆದ ಕಂಪನಿ ನಾಟಕಗಳಿಗೆ ಪರದೆ, ಟಿಕೀಟು, ಥೇಟರು ಇದ್ದವು. ಹಾಡುಗಳಿಗೆ ಹಿಂದುಸ್ತಾನಿ ರಾಗಗಳಿದ್ದವು. ಗ್ರಾಮಫೋನ್ ತಟ್ಟೆಗಳೂ ಬಂದವು. ಪತ್ರಿಕೆಗಳಲ್ಲಿ ವಿಮರ್ಶೆ ಬಂದಿತು, ನಟರ ಜೀವನಚರಿತ್ರೆಗಳು ಅಚ್ಚಾದವು.

ಅದೇ ನೆಲದ ‘ಸಂಗ್ಯಾ ಬಾಳ್ಯಾ’ಕ್ಕೆ ಇವಾವುವೂ ಇರಲಿಲ್ಲ. ಟಿಕೀಟಿಲ್ಲದ ಬಯಲು, ಪರದೆಯಿಲ್ಲದ ಅಟ್ಟ. ರೈತರು, ಬಡಿಗರು, ಕಂಬಾರರು, ನೇಕಾರರು ಸುಗ್ಗಿಯ ನಂತರ ಮಾಸ್ತರರ ಕೈಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ ಆಡಿದ್ದು. ಮೆಚ್ಚಿದವರು ಆಟದ ನಡುವೆಯೇ ಎದ್ದುಬಂದು ಆಯೇರಿ ಕೊಡುತ್ತಿದ್ದರು. ಒಂದು ಟವೆಲ್ಲು, ಒಂದು ರೂಪಾಯಿ, ಒಂದು ಕುಬಸದ ಕಣ. ಕೊಟ್ಟವರ ಹೆಸರನ್ನು ಅಟ್ಟದ ಮೇಲಿಂದ ಕೂಗಿ ಹೇಳುತ್ತಿದ್ದರು. ಈ ಕಲಾವಿದರಿಗೆ ಸಿಕ್ಕ ವಿಮರ್ಶೆ ಅಷ್ಟೇ. ಒಂದು ನಾಟಕವನ್ನು ಕಟ್ಟಿದ ಕಿರ್ಲೋಸ್ಕರರ ಹುಟ್ಟಿದ ವರ್ಷ ನಮಗೆ ತಿಳಿದಿದೆ. ಇನ್ನೊಂದನ್ನು ಕಟ್ಟಿದವರು ‘ಪತ್ತಾರ ಮಾಸ್ತರ’ ಎಂಬ ಕಸುಬಿನ ಹೆಸರಿನಲ್ಲಿಯೇ ಉಳಿದುಬಿಟ್ಟರು.

ಕಿರ್ಲೋಸ್ಕರರ ಹಿರಿಮೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಒಂದು ಕಲೆಗೆ ಮನ್ನಣೆ ಸಿಗುವುದು ಅದರ ಗುಣದಿಂದ ಮಾತ್ರವಲ್ಲ, ಅದನ್ನು ಬರೆದಿಡುವವರು ಎಷ್ಟು ಮಂದಿ ಎಂಬುದರಿಂದಲೂ ಎಂದು ತೋರಿಸಲು ಹೇಳುತ್ತಿದ್ದೇನೆ.

ಹೊಲಸು ಎಂಬ ಹಣೆಪಟ್ಟಿ

ನಮ್ಮ ಗುರುಗಳು ಈ ಆಟವನ್ನು ಏಕೆ ಹಾಗೆ ಕರೆದರು? ಅವರೊಬ್ಬರೇ ಅಲ್ಲ, ಓದಿದವರಲ್ಲಿ ಹಲವರು ಹಾಗೆಯೇ ತಿಳಿದಿದ್ದರು. ಪರಸ್ತ್ರೀಯ ಮೋಹ, ಕೊಲೆ, ದ್ರೋಹ ಇವು ಕಥೆಯ ವಸ್ತು. ಮಾತು ಊರಿನ ಆಡುಮಾತು. ನಡುನಡುವೆ ಪೋಲಿ ಹಾಸ್ಯವೂ ಇಣುಕುತ್ತದೆ. ಪುರಾಣದಲ್ಲಿ ಇಂದ್ರ ಅಹಲ್ಯೆಯ ಬಳಿ ಬಂದ ಕಥೆಯನ್ನು ಸಂಕೋಚವಿಲ್ಲದೆ ಹೇಳುವ ನಾವು, ಅದೇ ಕಥೆ ಪಕ್ಕದ ಓಣಿಯಲ್ಲಿ ನಡೆದರೆ ಮುಖ ತಿರುಗಿಸುತ್ತೇವೆ. ಹೆಣ್ಣು ಪಾತ್ರ ಮಾಡುವ ಕಲಾವಿದೆಯರಿಗೆ ಸಮಾಜ ತೋರಿದ ತಾತ್ಸಾರವೂ ಇದರ ಜೊತೆ ಸೇರಿತು.

ಇನ್ನೊಂದು ವಿಚಿತ್ರ ನೋಡಿರಿ. ಕಿತ್ತೂರು ಚೆನ್ನಮ್ಮ 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ್ದು, 1831ರಲ್ಲಿ ರಾಯಣ್ಣ ಗಲ್ಲಿಗೇರಿದ್ದು, ಇವನ್ನು ಜನರ ನೆನಪಿನಲ್ಲಿ ಉಳಿಸಿದವರಲ್ಲಿ ಲಾವಣಿಕಾರರು ಮುಖ್ಯರು. ಆ ಲಾವಣಿಗಳನ್ನು ನಾವು ಗೌರವದಿಂದ ಸಂಗ್ರಹಿಸಿದೆವು. ಅದೇ ಡಪ್ಪಿನ ಮೇಲೆ, ಅಂಥದೇ ಧಾಟಿಗಳಲ್ಲಿ ಹಾಡಿದ ಸಂಗ್ಯಾನ ಕಥೆಯನ್ನು ಮಾತ್ರ ಬಹುಕಾಲ ಹೊರಗೆ ನಿಲ್ಲಿಸಿದೆವು.

ಇಂಥ ಕಷ್ಟ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1728ರಲ್ಲಿ ಲಂಡನ್ನಿನಲ್ಲಿ ಜಾನ್ ಗೇ ಎಂಬ ಕವಿ ಒಂದು ಸಂಗೀತ ನಾಟಕ ಬರೆದ. ಅದರ ಹೆಸರು ‘ದಿ ಬೆಗ್ಗರ್ಸ್ ಆಪೆರಾ’. ಅದರಲ್ಲಿಯೂ ದೇವತೆಗಳಿಲ್ಲ, ರಾಜರಿಲ್ಲ. ಕಳ್ಳರು, ಅವರನ್ನು ಹಿಡಿದುಕೊಡುವ ಗೆಳೆಯರು, ಸೆರೆಮನೆಯವರು. ಹಾಡುಗಳೂ ಜನರ ಬಾಯಲ್ಲಿದ್ದ ಧಾಟಿಗಳವೇ. ಇದು ನೀತಿಗೆಡಿಸುವ ನಾಟಕವೆಂದು ಅಲ್ಲಿಯೂ ಕೆಲವರು ದೂರಿದರು. ಸರಿಯಾಗಿ 200 ವರ್ಷಗಳ ನಂತರ, 1928ರಲ್ಲಿ, ಜರ್ಮನಿಯ ಬ್ರೆಖ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ಅದನ್ನೇ ಆಧರಿಸಿ ‘ತ್ರೀ ಪೆನ್ನಿ ಆಪೆರಾ’ ಎಂದು ಹೆಸರಾದ ನಾಟಕ ಕಟ್ಟಿದರು. ಇಂದು ಅವೆರಡೂ ಕಾಲೇಜುಗಳಲ್ಲಿ ಪಾಠವಾಗಿವೆ. ಅಲ್ಲಿಯ ಬೀದಿಯ ಹಾಡಿಗೆ ಸಿಕ್ಕ ಆ ಗೌರವಕ್ಕೆ ನಮ್ಮ ಬಯಲಿನ ಹಾಡೂ ತಕ್ಕದ್ದೇ.

ಪುಸ್ತಕವಾದ ಮೇಲೆ

‘ಸಂಗ್ಯಾ ಬಾಳ್ಯಾ’ವನ್ನು ವಿದ್ವತ್ತಿನ ಲೋಕಕ್ಕೆ ಪರಿಚಯಿಸಿದ ಶ್ರೇಯಸ್ಸು ಬೆಳಗಾವಿ ಜಿಲ್ಲೆಯ ಘೋಡಗೇರಿಯವರೇ ಆದ ಡಾ. ಚಂದ್ರಶೇಖರ ಕಂಬಾರರಿಗೆ ಸಲ್ಲಬೇಕು. ಅವರು ಇದನ್ನು ಸಂಪಾದಿಸಿ 1966ರಲ್ಲಿ ಪ್ರಕಟಿಸಿದರು. ಬಯಲಾಟದ ಈ ಸತ್ವವೇ ಮುಂದೆ ಅವರ ಸ್ವಂತ ನಾಟಕಗಳಿಗೆ ಬೇರಾಯಿತು. 1972ರ ‘ಜೋಕುಮಾರಸ್ವಾಮಿ’ ನಾಟಕವನ್ನು ನೋಡಿದರೆ ಅದರ ಹಾಡು, ಹಿಮ್ಮೇಳ, ಮಾತಿನ ಧಾಟಿಗಳಲ್ಲಿ ನಮ್ಮ ಕಡೆಯ ಬಯಲಾಟ ಕಾಣುತ್ತದೆ. ಅದನ್ನು ನಿರ್ದೇಶಿಸಿದ ಬಿ. ವಿ. ಕಾರಂತರು ಅದಕ್ಕೆ ಆಧುನಿಕ ರಂಗಭೂಮಿಯ ರೂಪ ಕೊಟ್ಟರು. 1992ರಲ್ಲಿ ನಟ ಸುಂದರಕೃಷ್ಣ ಅರಸ್ ಅವರ ನಿರ್ದೇಶನದಲ್ಲಿ ‘ಸಂಗ್ಯಾ ಬಾಳ್ಯಾ’ ಚಲನಚಿತ್ರವೂ ಆಯಿತು. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಈಗ ಒಂದು ಅಕಾಡೆಮಿಯೂ ಇದೆ.

ಹಾಗಾದರೆ ಮನ್ನಣೆ ಸಿಕ್ಕಿತಲ್ಲ ಎಂದು ನೀವು ಕೇಳಬಹುದು. ಅರ್ಧ ಸಿಕ್ಕಿತು. ಇನ್ನರ್ಧ ಏನೆಂಬುದು ನನಗೆ ತಿಳಿದ ಬಗೆಯನ್ನು ಹೇಳುತ್ತೇನೆ.

ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ಗ್ರಂಥಾಲಯದಲ್ಲಿ ‘ಸಂಗ್ಯಾ ಬಾಳ್ಯಾ’ ಎಂಬ ಪುಸ್ತಕ ಕೈಗೆ ಸಿಕ್ಕಿತು. ನಾನು ಕೈ ಎತ್ತಲು ಹೆದರಿದ ಆಟ ಇಲ್ಲಿ ಪುಸ್ತಕವಾಗಿ ಕುಳಿತಿತ್ತು! ಸಂತೋಷದಿಂದ ಒಂದೇ ಸಲಕ್ಕೆ ಓದಿ ಮುಗಿಸಿದೆ. ಆದರೆ ಮುಗಿಸಿದಾಗ ನಿರಾಶೆಯಾಯಿತು. ಬಾಳ್ಯಾ ಬಂದದ್ದೂ ಗೊತ್ತಾಗಲಿಲ್ಲ, ಸಂಗ್ಯಾ ಹೋದದ್ದೂ ಗೊತ್ತಾಗಲಿಲ್ಲ. ಅಷ್ಟು ಬೇಗ ಎಲ್ಲ ಮುಗಿದಿತ್ತು.

ರಜೆಯಲ್ಲಿ ಊರಿಗೆ ಹೋದಾಗ, ಆ ರಾತ್ರಿಯ ಆಟಕ್ಕೆ ಡಪ್ಪು ಬಾರಿಸಿದ್ದ ಹಿರಿಯರೊಬ್ಬರ ಬಳಿ ಈ ಮಾತು ಹೇಳಿದೆ. ಅವರಿಗೆ ಆಗ ಕಣ್ಣು ಮಂಜಾಗಿತ್ತು. ನಕ್ಕು, “ತಮ್ಮಾ, ನೀ ಓದಿದ್ದು ಬರೇ ಮಾತು. ಧಾಟಿ ಎಲ್ಲೈತಿ ಅದರಾಗ? ಒಂದು ಸಾಲ ಓದು, ನೋಡೂಣು” ಎಂದರು. ಸಂಗ್ಯಾ ಗೆಳೆಯನೊಡನೆ ಹೊರಡುವ ಸಂದರ್ಭದ ಒಂದು ಸಾಲನ್ನು ನಾನು ಓದಿದೆ. ಅವರು ಗೋಡೆಗೆ ತೂಗುಹಾಕಿದ್ದ ಡಪ್ಪು ಇಳಿಸಿ, ಒಲೆಯ ಶಾಖಕ್ಕೆ ಹಿಡಿದು ಬಿಗಿ ಮಾಡಿಕೊಂಡು, ಅದೇ ಸಾಲನ್ನು ಎತ್ತಿಕೊಂಡರು. ಮೊದಲು ಸಂಗ್ಯಾನ ಹಾಗೆ ಹಾಡಿದರು. ನಂತರ ಹಿಮ್ಮೇಳದ ಹಾಗೆ ಏರಿಸಿ ಹಾಡಿದರು. ಸಂಗ್ಯಾನ ಬಾಯಲ್ಲಿ ಧೈರ್ಯದ ಮಾತಾಗಿದ್ದದ್ದು ಹಿಮ್ಮೇಳದಲ್ಲಿ ಅಳುವಾಗಿ ಕೇಳಿತು. ಶಬ್ದ ಒಂದೂ ಬದಲಾಗಿರಲಿಲ್ಲ. “ಈಗ ತಿಳೀತೇನು? ಅವಗ ಗೊತ್ತಿಲ್ಲ, ನಮಗ ಗೊತ್ತೈತಿ” ಎಂದರು.

“ಹೋಗಬ್ಯಾಡೋ ಯಪ್ಪಾ” ಎಂದು ಆ ಹೆಣ್ಣುಮಗಳು ಏಕೆ ಕೂಗಿದಳೆಂಬುದು ನನಗೆ ಅಂದು ತಿಳಿಯಿತು. ಹಿಮ್ಮೇಳ ಅವಳ ಬಾಯಿಗೆ ಆ ಮಾತನ್ನು ತಂದುಕೊಟ್ಟಿತ್ತು. ಅಚ್ಚಾದ ಪುಟದಲ್ಲಿ ಆ ಕೂಗು ಇಲ್ಲ. ‘ಸಂಗ್ಯಾ ಬಾಳ್ಯಾ’ಕ್ಕೆ ಸಿಗದ ಇನ್ನರ್ಧ ಮನ್ನಣೆ ಇದೇ. ನಾವು ಅದನ್ನು ಸಾಹಿತ್ಯವೆಂದು ಒಪ್ಪಿಕೊಂಡೆವು. ಸಂಗೀತ ನಾಟಕವೆಂದು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಕಥೆಯ ಬಗ್ಗೆ ಬರೆದಷ್ಟು ಅದರ ಧಾಟಿಗಳ ಬಗ್ಗೆ ಬರೆದಿಲ್ಲ.

ನೀವೇನು ಮಾಡಬಹುದು?

ಆ ಹಿರಿಯರ ಹತ್ತಿರ ನಾನು ಆ ರಜೆಯಲ್ಲಿ ನಾಲ್ಕಾರು ಸಲ ಹೋಗಿ ಕುಳಿತೆ. ಪದಗಳನ್ನು ವಹಿಯಲ್ಲಿ ಬರೆದುಕೊಂಡೆ. ಧಾಟಿಗಳನ್ನು ಬರೆಯುವುದು ನನಗೆ ಬರುತ್ತಿರಲಿಲ್ಲ. ಟೇಪ್ ರೆಕಾರ್ಡರ್ ಕೊಳ್ಳುವ ಶಕ್ತಿಯೂ ಇರಲಿಲ್ಲ. ನೌಕರಿ ಸಿಕ್ಕ ಮೇಲೆ ಒಂದು ಟೇಪ್ ರೆಕಾರ್ಡರ್ ಕೊಂಡು ಊರಿಗೆ ತೆಗೆದುಕೊಂಡು ಹೋದೆ. ಅವರು ಹೋಗಿ ಎಂಟು ತಿಂಗಳಾಗಿತ್ತು. ಆ ವಹಿ ಇಂದಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಶಬ್ದಗಳಿವೆ, ಧಾಟಿಯಿಲ್ಲ.

ಈ ಆಟ ಪೂರ್ತಿ ನಿಂತುಹೋಗಿಲ್ಲ. ಜಾತ್ರೆ, ಹಬ್ಬಗಳಲ್ಲಿ ಇನ್ನೂ ಸಣ್ಣಾಟಗಳು ನಡೆಯುತ್ತವೆ. ಆದರೆ ಬೆಳಗಿನವರೆಗೆ ಕೂರುವ ವ್ಯವಧಾನ ಜನರಲ್ಲಿ ಕಡಿಮೆಯಾಗಿದೆ. ಆಟವನ್ನು ಎರಡು ಗಂಟೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಹಿಮ್ಮೇಳದ ಮರುಹಾಡಿಕೆಗೆ. ಒಂದೇ ಮಾತನ್ನು ಎರಡು ಸಲ ಏಕೆ ಎಂದು ಕೇಳುತ್ತಾರೆ. ಆ ಎರಡನೆಯ ಸಲದಲ್ಲಿಯೇ ನಾಟಕವಿದೆ ಎಂಬುದನ್ನು ನೀವೀಗ ಬಲ್ಲಿರಿ.

ಆದ್ದರಿಂದ ನಿಮಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಊರಿನಲ್ಲಿ ಇಲ್ಲವೆ ನಿಮ್ಮ ಅಜ್ಜನ ಊರಿನಲ್ಲಿ ಸಣ್ಣಾಟ ಆಡಿದವರು, ಡಪ್ಪು ಬಾರಿಸಿದವರು, ಹಿಮ್ಮೇಳ ಹಾಡಿದವರು ಯಾರಾದರೂ ಇದ್ದಾರೆಯೇ ವಿಚಾರಿಸಿರಿ. ಇದ್ದರೆ ಅವರ ಹತ್ತಿರ ಹೋಗಿ ಕುಳಿತು, ಒಂದು ಪದವನ್ನು ಮೊದಲು ಪಾತ್ರಧಾರಿಯ ಹಾಗೆ, ನಂತರ ಹಿಮ್ಮೇಳದ ಹಾಗೆ ಹಾಡಲು ಕೇಳಿರಿ. ಅವರು ಒಪ್ಪಿದರೆ ಧ್ವನಿಮುದ್ರಿಸಿಕೊಳ್ಳಿರಿ. ಅದಕ್ಕೆ ಬೇಕಾದ ಯಂತ್ರ ಈಗ ನಿಮ್ಮ ಮನೆಯ ಮೊಬೈಲಿನಲ್ಲಿಯೇ ಇದೆ. ಹಾಡಿದವರ ಹೆಸರು, ಊರು, ಧಾಟಿ ಕಲಿಸಿದ ಮಾಸ್ತರರ ಹೆಸರು ಇವನ್ನು ತಪ್ಪದೆ ಬರೆದಿಡಿರಿ. ಪತ್ತಾರ ಮಾಸ್ತರರಿಗೆ ಆದದ್ದು ಇವರಿಗೂ ಆಗುವುದು ಬೇಡ.

ಮತ್ತು ಯಾರಾದರೂ, “ಆ ಆಟ ನೋಡಿದವರು ಯಾರು?” ಎಂದು ಕೇಳಿದರೆ, ದಯವಿಟ್ಟು ಕೈ ಎತ್ತಿರಿ.